ಹಲಗಿಯೊಳಗಿನ ಕೋಳಿ

ನನ್ನ ಅಪ್ಪನ ಎಡಗೈ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಕೇಳಿಸಿದ್ದು ಕೋಳಿಯಾಗಿ. ಬಲಗೈ ಪೊಲೀಸರ ಸೀಟಿಯಾಗಿತ್ತು. ಎರಡೂ ಕೈ ಕೂಡಿ ಬೀಳುವ ಜಾಗದಲ್ಲಿ ಐಸ್‌ಕ್ಯಾಂಡಿ ಮಾರುವವನ ಗಂಟೆ ಬಾರಿಸಿತು. ನಲವತ್ತು ವರ್ಷ ಹಲಗಿ ಬಾರಿಸಿದ ಮನುಷ್ಯ ಕಟ್ಟೆಯ ಮೇಲೆ ಕುಳಿತು ಅದನ್ನು ಕೊನೆಯತನಕ ಕೇಳಿದ. ಮುಗಿದ ಮೇಲೆ ಎದ್ದು ಹೋಗಿ ಬಾಯೊಳಗಿನ ಎಲೆ ಅಡಿಕೆ ಉಗುಳಿ ಬಂದ.

"ಇದು ಯಾರ ಮನೀ ಮದುವಿ?" ಅಂದ.

"ನೀನ ಬಾರಿಸಿದ್ದಪಾ ಇದು."

"ನಾ ಬಾರಿಸಿದ್ದ? ನಾ ಯಾವಾಗ ಕೋಳಿ ಹಿಡಿದಿದ್ನಿ?"

ಒಳಗಿನಿಂದ ಅವ್ವ ನಕ್ಕಳು. ರೊಟ್ಟಿ ಬಡಿಯುವ ಸಪ್ಪಳವೂ ಒಂದು ಗಳಿಗೆ ನಿಂತಿತು. ನನಗೆ ಮಾತ್ರ ನಗು ಬರಲಿಲ್ಲ. ಆ ಕೋಳಿಯ ಮೇಲೆ ನನ್ನ ಪಿಎಚ್.ಡಿ. ಸೀಟು ನಿಂತಿತ್ತು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಿಂದಗಿಯಿಂದ ಮೋರಟಗಿ ಕಡೆಗೆ ಹೋಗುವ ಬಸ್ಸು ನಮ್ಮೂರಿನ ಕ್ರಾಸಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ನಡೆದು ಬಂದರೆ ಕೊನೆಯ ಓಣಿಯ ಕೊನೆಯ ಮನೆ ನಮ್ಮದು. ಬಾಗಿಲ ಮೇಲೆ ಅಪ್ಪ ಬೋರ್ಡು ಬರೆಸಿದ್ದಾನೆ. ಪೇಂಟರನಿಗೆ ಏನು ಹೇಳಿದನೋ ಗೊತ್ತಿಲ್ಲ, ಅದರಲ್ಲಿ ನನ್ನ ಹೆಸರಿಗಿಂತ ಎಂ.ಎ. ಎನ್ನುವ ಎರಡು ಅಕ್ಷರ ದೊಡ್ಡವಾಗಿವೆ. ಸಿಂದಗಿಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದೆ. ಜಾನಪದದಲ್ಲಿ ಎಂ.ಎ. ಮಾಡಿದೆ. ಈಗ ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಪಾಠ ಮಾತ್ರ ಮನೆಯವರಿಗಿಂತ ಹೆಚ್ಚು.

ನಮ್ಮಲ್ಲಿ ಹಲಗಿ ಗಂಡಸರ ಹೆಗಲಿಗೆ ಸೇರಿದ್ದು. ಚರ್ಮ ಬಿಗಿಯಾಗಲೆಂದು ಹಲಗಿಯನ್ನು ಬೆಂಕಿಗೆ ಕಾಸಲು ಜೋಳದ ಒಣ ಕಣಿಕೆ ತಂದು ಒಟ್ಟುವುದು ಹೆಣ್ಣುಮಕ್ಕಳ ಕೆಲಸ. ಕೋಲು ಮುಟ್ಟುವುದು ನಮ್ಮ ಕೆಲಸವಲ್ಲ. ಹೀಗಾಗಿ ನಾನು ಹಲಗಿಯನ್ನು ಕಲಿತದ್ದು ಕಿವಿಯಿಂದ. ಅಂಗಳ ಗುಡಿಸುತ್ತಾ, ಪಾತ್ರೆ ತಿಕ್ಕುತ್ತಾ ಎಣಿಸಿಕೊಂಡೆ. ಬಲಗೈಯ ದಪ್ಪ ಕೋಲು ನಡುವೆ ಬೀಳುವುದು ಒಂದು, ಅಂಚಿಗೆ ಬೀಳುವುದು ಒಂದು, ಚೌಕಟ್ಟಿನ ಕಟ್ಟಿಗೆಗೆ ತಾಗುವುದು ಒಂದು. ಎಡಗೈಯ ತೆಳ್ಳನೆಯ ಕಡ್ಡಿ ಹಾರುವುದು ಒಂದು, ಕಡ್ಡಿ ಚರ್ಮಕ್ಕೆ ಅಂಟಿಕೊಂಡೇ ನಿಲ್ಲುವುದು ಒಂದು, ಬೆರಳಿನಿಂದ ಒತ್ತಿ ಬಿಡುವುದು ಒಂದು. ಎರಡೂ ಕೂಡಿದ್ದು ಇನ್ನೊಂದು. ಒಟ್ಟು ಏಳು ಏಟು. ಮದುವೆ ಮೆರವಣಿಗೆ, ಕುಸ್ತಿ, ಕಾರಹುಣ್ಣಿಮೆಯ ಎತ್ತಿನ ಓಟ, ಎಲ್ಲವೂ ಈ ಏಳರಲ್ಲೇ ಆಗುತ್ತವೆ.

ಹೋದ ವರ್ಷ ಇದೇ ವಿಷಯ ಹಿಡಿದುಕೊಂಡು ಜಿಲ್ಲಾ ಕೇಂದ್ರದ ಯೂನಿವರ್ಸಿಟಿಗೆ ಪಿಎಚ್.ಡಿ. ಸಂದರ್ಶನಕ್ಕೆ ಹೋಗಿದ್ದೆ. ಸಮಿತಿಯ ಅಧ್ಯಕ್ಷರು ಒಳ್ಳೆಯವರೇ. ನನ್ನ ಕಾಗದ ಓದಿ, "ಢಬ ಢಬ ಅನ್ನೋದರಲ್ಲಿ ಸಂಶೋಧನೆ ಮಾಡೋಕೆ ಏನಿದೆಯಮ್ಮ?" ಎಂದು ಕೇಳಿದರು.

"ಏಳು ಏಟು ಇವೆ ಸರ್."

"ಎಲ್ಲಿ, ಕೇಳಿಸು."

ಕೇಳಿಸಲು ನನಗೆ ಬರಲಿಲ್ಲ. ಬಾಯಿಂದ ಹೇಳಿದರೆ ಏಳೂ ಢಬ್ ಅಂತಲೇ ಬಂದವು. ಕೋಲು ಹಿಡಿದು ಗೊತ್ತಿಲ್ಲ. ಅಪ್ಪನನ್ನು ಕರೆದುಕೊಂಡು ಬರಬಹುದಿತ್ತು, ಆದರೆ ಸಂದರ್ಶನ ನನ್ನದು, ಅಪ್ಪನದಲ್ಲ. ಹಾಗೇ ಎದ್ದು ಬಂದೆ. ಈ ವರ್ಷ ಮತ್ತೆ ಅರ್ಜಿ ಹಾಕಿದೆ. ಈ ಸಲವೂ ಆಗದಿದ್ದರೆ ಮೂರನೇ ಸಲ ಹೋಗುವ ಮುಖ ನನಗಿರಲಿಲ್ಲ.

ಆಗ ಸಿಕ್ಕಿದ್ದು ಸಂಗೀತವನ್ನು ಬರೆದರೆ ತಾನೇ ಓದಿ ನುಡಿಸುವ ಸಾಫ್ಟ್‌ವೇರು. ಬಿಟ್ಟಿ ಸಿಗುತ್ತದೆ. ಲ್ಯಾಪ್‌ಟಾಪ್ ಮಾತ್ರ ಇಂಡಿ ಊರಿನ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಮಗ ಬಳಸಿ ಬಿಟ್ಟದ್ದು. ಕೀಲಿಗಳ ಸಂದಿಯಲ್ಲಿ ಇನ್ನೂ ಏನೋ ಅಂಟಂಟು. ಒತ್ತಿದ ಅಕ್ಷರ ಮೇಲೆ ಬರಲು ಸ್ವಲ್ಪ ಯೋಚನೆ ಮಾಡುತ್ತಿತ್ತು. ಐದು ಗೆರೆಯ ಮೇಲೆ ಒಂದೊಂದು ಏಟಿಗೆ ಒಂದೊಂದು ಜಾಗ ಗೊತ್ತು ಮಾಡಿ ಚುಕ್ಕೆ ಇಡುತ್ತಾ ಹೋಗಬೇಕು. ಪ್ರತಿ ಜಾಗಕ್ಕೂ ಒಂದು ನಂಬರು, ಪ್ರತಿ ನಂಬರಿಗೂ ಒಂದು ದನಿ. ಅದರೊಳಗೆ ಪಿಯಾನೋ ಇತ್ತು, ವಯಲಿನ್ ಇತ್ತು, ಹೆಸರು ಓದಲೂ ಬಾರದ ಪರದೇಶದ ವಾದ್ಯಗಳಿದ್ದವು. ಹಲಗಿ ಇರಲಿಲ್ಲ. ಅದನ್ನು ನಾವೇ ಒಯ್ದು ಒಳಗೆ ಕೂರಿಸಬೇಕಾಗಿತ್ತು.

ಬಸವನ ಬಾಗೇವಾಡಿಯಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಕಿರಿಯ. ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್ ಬಾರಿಸುತ್ತಾನೆ. ಬಸ್‌ಸ್ಟ್ಯಾಂಡಿನ ಹತ್ತಿರ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಗೋಡೆಗೆಲ್ಲ ಅವನ ಅಮ್ಮೀಜಾನ್ ಹೊಲಿದ ಕೌದಿಗಳನ್ನು ಬಡಿದಿದ್ದಾನೆ, ಸಪ್ಪಳ ಹೊರಗೆ ಹೋಗಬಾರದು ಅಂತ. ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ.

"ಕಾಕಾ, ಒಂದೊಂದ ಏಟು ಬಿಡಿಬಿಡಿಯಾಗಿ ಬಾರಸ್ರಿ. ಒಂದ ಬಾರಿಸಿ ಸ್ವಲ್ಪ ನಿಲ್ರಿ, ಆಮ್ಯಾಲೆ ಇನ್ನೊಂದು," ಅಂದ ಗೆಳೆಯ.

ಅಪ್ಪ ಕೋಲು ಕೆಳಗಿಟ್ಟ.

"ಒಂದ ಏಟು ಬಾರಿಸಿ ನಿಲ್ಲೂದು ಯಾವಾಗ ಗೊತ್ತೇನ ತಮ್ಮಾ?"

"ಇಲ್ರಿ ಕಾಕಾ."

"ಹೆಣ ಎತ್ತೂ ಮುಂದ. ನೀ ಅಂಗಡಿ ತಗದು ಇನ್ನ ವರ್ಷ ಆಗಿಲ್ಲ. ನಿನಗ್ಯಾಕ ಬೇಕು ಇದು?"

ಎಂ.ಎ. ಓದಿದ ನನ್ನ ನಾಲಿಗೆಯ ತುದಿಗೆ 'ಮೂಢನಂಬಿಕೆ' ಎಂಬ ಪದ ಬಂದಿತ್ತು. ಅದು ಹೊರಗೆ ಬೀಳುವ ಮೊದಲೇ ಗೆಳೆಯ ಕೈ ಅಡ್ಡ ಮಾಡಿದ. "ಬ್ಯಾಡ್ರಿ ಕಾಕಾ, ಬ್ಯಾಡ. ನೀವು ಮದುವೀದು ಸಲೀಸ ಬಾರಸ್ಕೋತ ಹೋಗ್ರಿ. ನಾ ಬೇಕಾದ್ದ ಕತ್ತರಿಸಿ ತಗೋತೇನಿ."

ಅಪ್ಪ ಅರ್ಧ ತಾಸು ಬಾರಿಸಿದ. ಕೌದಿಗಳು ಗೋಡೆ ಬಿಟ್ಟು ಹಾರಾಡಿದವು. ಯಾವ ಪಕ್ಷದ ಮೆರವಣಿಗೆ ಬಂತು ಅಂತ ಪಕ್ಕದ ಔಷಧಿ ಅಂಗಡಿಯವರು ಬಂದು ಇಣುಕಿ ಹೋದರು. ಆಮೇಲೆ ಗೆಳೆಯ ಎಂಟು ದಿನ ಕುಳಿತು, ಕುಪ್ಪಸಕ್ಕೆ ಖಣ ಕತ್ತರಿಸಿದ ಹಾಗೆ ಅಳತೆ ನೋಡಿ ಏಳೂ ಏಟುಗಳನ್ನು ಬೇರೆ ಮಾಡಿದ. ಅವನ್ನೆಲ್ಲ ಒಂದು ಫೈಲಿಗೆ ಕಟ್ಟಿದ. "ಅಕ್ಕಾರ, ನಿಮ್ಮ ಲ್ಯಾಪ್‌ಟಾಪಿನ್ಯಾಗ ಜಾಗಾ ಇಲ್ರಿ. ನಿಂಬಿಹಣ್ಣಿನವರ ಫೋಟೋನ ತುಂಬ್ಯಾವು. ಇದು ಪೆನ್‌ಡ್ರೈವ್‌ದಾಗ ಇರ್ಲಿ," ಎಂದು ಕೊಟ್ಟ. ಅವನ ಅಂಗಡಿಯಲ್ಲೇ ಹಾಕಿ ನೋಡಿದೆವು. ಅಪ್ಪನ ಕೈ ಇದ್ದ ಹಾಗೇ ಬಂತು. ಮನೆಗೆ ಬಂದು ಅಪ್ಪನ ಮುಂದೆ ತೆಗೆದಾಗ ಕೋಳಿ ಕೂಗಿತು.

ಅವತ್ತಿನಿಂದ ಮೂರು ವಾರ ನಾನು ಪಟ್ಟ ಪಾಡು ಎಂ.ಎ. ಪರೀಕ್ಷೆಗೂ ಪಟ್ಟಿರಲಿಲ್ಲ. ಸಾಫ್ಟ್‌ವೇರನ್ನು ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದೆ. ಯಾವ ಯಾವ ದೇಶದವರೋ ಹೇಳಿಕೊಡುವ ವಿಡಿಯೋಗಳನ್ನು ನೋಡಿದೆ. ಅವರೆಲ್ಲರ ಸಮಸ್ಯೆ ವಯಲಿನ್ನಿನದು, ಕೊಳಲಿನದು. ಹಲಗಿ ಕೋಳಿಯಾಯಿತು ಅಂತ ಯಾರೂ ಅತ್ತಿರಲಿಲ್ಲ. ತಮಾಷೆಯೆಂದರೆ ಒಮ್ಮೊಮ್ಮೆ ಸರಿಯಾಗಿಯೇ ಬರುತ್ತಿತ್ತು. ಮುದ್ದೇಬಿಹಾಳದ ನನ್ನ ಬಾಡಿಗೆ ಕೋಣೆಯಲ್ಲಿ ಒಂದು ನೋಟ್‌ಬುಕ್ ಇಟ್ಟೆ. ಸೋಮವಾರ ಕೋಳಿ. ಮಂಗಳವಾರ ಹಲಗಿ. ಬುಧವಾರ ಮುಂಜಾನೆ ಹಲಗಿ, ಸಂಜೆ ಕೋಳಿ. ಅದನ್ನು ನೋಡಿದ ಮನೆ ಮಾಲಕಿ, "ಮೇಡಮ್ಮಾರ, ವಾರದಾಗ ಇಷ್ಟ ಸಲ ಕೋಳಿ ಮಾಡಿದ್ರ ಮೈಗೆ ಉಷ್ಣ ಆಗತೈತ್ರಿ," ಎಂದರು. ನಾನು ಹೌದ್ರಿ ಅಂದೆ. ವಿವರಿಸಲು ಕುಳಿತರೆ ಕಾಲೇಜಿನ ಬೆಲ್ಲು ಹೊಡೆದುಬಿಡುತ್ತಿತ್ತು.

ಸಂದರ್ಶನಕ್ಕೆ ಒಂದು ವಾರ ಇರುವಾಗ ರವಿವಾರ ಊರಿಗೆ ಹೋದೆ. ಮುಂಜಾನೆ ಹಾಕಿ ನೋಡಿದರೆ ಕೋಳಿ. ಪೆನ್‌ಡ್ರೈವನ್ನು ಕಿತ್ತು ಮತ್ತೆ ಸಿಕ್ಕಿಸಿದೆ. ಕೋಳಿ. ಎಲ್ಲವನ್ನೂ ಹಾಗೇ ಬಿಟ್ಟು ಸ್ನಾನಕ್ಕೆ ಹೋದೆ. ತಲೆ ಒರೆಸಿಕೊಳ್ಳುತ್ತಾ ಹಿತ್ತಲಿಗೆ ಬಂದು ನೋಡಿದರೆ ಅಪ್ಪ ಕಣಿಕೆಯ ಸಣ್ಣ ಬೆಂಕಿ ಮಾಡಿ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಎರಡೂ ಕೈಯಲ್ಲಿ ನನ್ನ ಲ್ಯಾಪ್‌ಟಾಪ್. ಅದನ್ನು ಅಗಲವಾಗಿ ಬಿಚ್ಚಿ, ಬೆಂಕಿಯಿಂದ ಒಂದು ಮೊಳ ದೂರ ಹಿಡಿದು, ಆ ಕಡೆ ಈ ಕಡೆ ಹೊರಳಿಸುತ್ತಿದ್ದ. ನಡುನಡುವೆ ಕಿವಿಯ ಹತ್ತಿರ ತಂದು ಬೆರಳ ಗಂಟಿನಿಂದ ಟಕ್ ಟಕ್ ಬಾರಿಸಿ ನೋಡುತ್ತಿದ್ದ. ಪೆನ್‌ಡ್ರೈವು ಪಕ್ಕದಲ್ಲಿ ಸಿಕ್ಕಿಸಿದ್ದು ಹಾಗೇ ಇತ್ತು.

ಒರೆಸುವ ಬಟ್ಟೆ ಹೆಗಲಿಗೆ ಎಸೆದುಕೊಂಡು ಹತ್ತಿರ ಓಡಿದೆ.

"ಯಪ್ಪಾ, ಏನ ಮಾಡಾಕತ್ತಿ?"

"ಕಾಣೂದಿಲ್ಲೇನು? ಕಾಸಾಕತ್ತೇನಿ."

"ಅದು ಹಲಗಿ ಅಲ್ಲಪಾ."

"ಹಲಗಿ ಒಳಗ ಐತಿ ಅಂತ ನೀನ ಹೇಳಿದಿ. ಕಾಸದ ಹಲಗಿ ಎಲ್ಲೆರ ನುಡಿತೈತೇನು? ಮೂರು ವಾರದಿಂದ ತಣ್ಣಗಿಂದ ಬಾರಿಸಾಕತ್ತಿ, ಕೋಳಿ ಬರದ ಏನ ಬರತೈತಿ."

ಈಗಿನವರು ಫೈಬರ್ ಹಲಗಿಗೆ ಬೋಲ್ಟು ಬಿಗಿದು ಬಾರಿಸುತ್ತಾರೆ, ಕಾಸುವ ಕೆಲಸವೇ ಇಲ್ಲ. ಆದರೆ ಅಪ್ಪ ಚರ್ಮದ ಹಲಗಿಯ ಮನುಷ್ಯ. ದನಿ ಸರಿಯಿಲ್ಲ ಅಂದರೆ ಅವನಿಗೆ ಗೊತ್ತಿರುವ ಮದ್ದು ಒಂದೇ.

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಸುಟ್ಟ ಹೋತೇನ ನೋಡು ಮದ್ಲ. ನಿಮ್ಮಿಬ್ಬರ ಸಲುವಾಗಿ ನನ್ನ ರೊಟ್ಟಿ ಸೀದವು."

ಕಸಿದುಕೊಂಡು ನೋಡಿದೆ. ಪರದೆ ಕಪ್ಪಾಗಿತ್ತು. ಕಾವಿಗೆ ತಾನೇ ಬಂದ್ ಆಗಿತ್ತು. ಒಂದು ಮೂಲೆಯ ಪ್ಲಾಸ್ಟಿಕ್ಕು ರೊಟ್ಟಿಯ ಅಂಚಿನಂತೆ ಸ್ವಲ್ಪ ಮೇಲೆದ್ದಿತ್ತು. ಅದನ್ನು ಬೇವಿನ ನೆರಳಿಗೆ ಒಯ್ದು ಇಟ್ಟು, ಒಂದು ತಾಸು ಆರಲು ಬಿಟ್ಟೆ. ಆಮೇಲೆ ಚಾಲೂ ಮಾಡಿದೆ. ಸಾಫ್ಟ್‌ವೇರ್ ತೆಗೆದೆ. ಗುಂಡಿ ಒತ್ತಿದೆ.

ಹಲಗಿ. ಅಪ್ಪನ ಕೈ.

ಅಪ್ಪ ಎದ್ದು, ಧೋತರ ಝಾಡಿಸಿಕೊಂಡು, ಕಟ್ಟೆಗೆ ಹೋದ. ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಆಗಿತ್ತು. ಕಿರಾಣಿ ಅಂಗಡಿಗೆ ಹೋದರೆ, "ಏನ ಯವ್ವಾ, ನಿಮ್ಮಪ್ಪ ಕಂಪ್ಯೂಟರ್ ರಿಪೇರಿ ಮಾಡಿದ್ನಂತ. ನಮ್ಮ ಹುಡುಗನ ಮೊಬೈಲ್ ಒಂದ ನೋಡಾಕ ಹೇಳು," ಎಂದರು.

ನಿಜವಾದ ಕಾರಣ ಮರುದಿನ ಗೆಳೆಯನ ಅಂಗಡಿಯಲ್ಲಿ ಗೊತ್ತಾಯಿತು. ಮುದ್ದೇಬಿಹಾಳಕ್ಕೆ ಹೋಗುವಾಗ ಬಾಗೇವಾಡಿಯಲ್ಲಿ ಇಳಿದಿದ್ದೆ. ಬೆಂಕಿಯ ಕಥೆ ಕೇಳಿ ಅವನು ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿ ಕೇಳಿದ.

"ಅಕ್ಕಾರ, ಪೆನ್‌ಡ್ರೈವ್ ಯಾವಾಗ ಹಚ್ಚತೀರಿ? ಸಾಫ್ಟ್‌ವೇರ್ ತಗಿಯೂಕಿಂತ ಮದ್ಲೋ, ಆಮ್ಯಾಲೋ?"

"ಯಾವಾಗರ ಹಚ್ಚತೇನಿ."

"ಅಲ್ಲೇ ಐತ್ರಿ."

ಸಾಫ್ಟ್‌ವೇರ್ ಏಳುವಾಗ ಒಂದೇ ಒಂದು ಸಲ ಹಲಗಿಯ ಫೈಲು ಎಲ್ಲಿದೆ ಎಂದು ಹುಡುಕುತ್ತದೆ. ಆಗ ಪೆನ್‌ಡ್ರೈವ್ ಸಿಕ್ಕಿಸಿದ್ದರೆ ಹಲಗಿ ಬರುತ್ತದೆ. ಇಲ್ಲದಿದ್ದರೆ ಅದೇ ನಂಬರುಗಳನ್ನು ಹಿಡಿದುಕೊಂಡು ತನ್ನ ಮನೆಯಲ್ಲಿರುವ ಸೀಟಿ, ಗಂಟೆ, ಕೋಳಿಯಂತೆ ಕೂಗುವ ಯಾವುದೋ ವಾದ್ಯ, ಸಿಕ್ಕಿದ್ದನ್ನು ನುಡಿಸುತ್ತದೆ. ಮನೆ ನಂಬರು ಸರಿ, ಓಣಿ ಬೇರೆ. ಆಮೇಲೆ ಪೆನ್‌ಡ್ರೈವ್ ಸಿಕ್ಕಿಸಿದರೂ ತಿರುಗಿ ನೋಡುವುದಿಲ್ಲ. ಅಪ್ಪನ ಬೆಂಕಿಗೆ ಎಲ್ಲ ಬಂದ್ ಆಗಿ ಮತ್ತೆ ಚಾಲೂ ಆದಾಗ ಪೆನ್‌ಡ್ರೈವ್ ಮೊದಲೇ ಇತ್ತು. ಅಷ್ಟೇ.

ಫೋನು ಮಾಡಿ ಅಪ್ಪನಿಗೆ ಬಿಡಿಸಿ ಹೇಳಿದೆ. ಪೂರ್ತಿ ಕೇಳಿಸಿಕೊಂಡ. "ಹೌದು. ಅದನ್ನೂ ಹಚ್ಚು, ಕಾಸೂದೂ ಕಾಸು," ಅಂದ.

ಸಂದರ್ಶನದ ದಿನ ಹೊರಗಿನ ಬೆಂಚಿನ ಮೇಲೆ ಕುಳಿತೇ ಪೆನ್‌ಡ್ರೈವ್ ಸಿಕ್ಕಿಸಿ, ಸಾಫ್ಟ್‌ವೇರ್ ತೆಗೆದು, ಇಯರ್‌ಫೋನ್ ಕಿವಿಗೆ ಹಚ್ಚಿಕೊಂಡು ಖಾತ್ರಿ ಮಾಡಿಕೊಂಡೆ. ಹಲಗಿಯೇ. ಒಳಗೆ ಹೋದಾಗ ಹೋದ ವರ್ಷದ ಅಧ್ಯಕ್ಷರೇ ಇದ್ದರು. ಪಕ್ಕದಲ್ಲಿ ಹೊಸ ಮೇಡಂ ಒಬ್ಬರು, ಕನ್ನಡಕ ಹಣೆಯ ಮೇಲೆ ಏರಿಸಿಕೊಂಡಿದ್ದರು.

"ಈ ಸಲ ಕೇಳಿಸ್ತೀಯಾ?" ಎಂದು ಅಧ್ಯಕ್ಷರು ನಕ್ಕರು. ಮರೆತಿರಲಿಲ್ಲ.

ಕೇಳಿಸಿದೆ. ನಿಂಬೆಹಣ್ಣಿನವರ ಲ್ಯಾಪ್‌ಟಾಪಿನ ಸ್ಪೀಕರು ಬೆಂಕಿಕಡ್ಡಿ ಪೆಟ್ಟಿಗೆಯಷ್ಟು. ಅಂಗಡಿಯಲ್ಲಿ ದೊಡ್ಡ ಸ್ಪೀಕರಿನಲ್ಲಿ ಬಿಡಿಬಿಡಿಯಾಗಿ ಕೇಳಿದ ಏಟುಗಳು ಆ ದೊಡ್ಡ ಕೋಣೆಯಲ್ಲಿ ಒಂದರ ಮೇಲೊಂದು ಬಿದ್ದು ಮುದ್ದೆಯಾದವು. ನನ್ನ ಕಿವಿಗೆ ಗೊತ್ತಿತ್ತು, ಇದು ಅಂಚು, ಇದು ನಡು. ಅವರ ಕಿವಿಗೆ ಹೇಗೆ ಗೊತ್ತಾಗಬೇಕು? ಎರಡು ನಿಮಿಷ ತಾಳ್ಮೆಯಿಂದ ಕೇಳಿದರು.

"ಚೆನ್ನಾಗಿದೆ. ಆದರೆ ನಂಗೆ ಒಂದೇ ಢಬ್ ಕೇಳಿಸ್ತಿದೆಯಮ್ಮ," ಅಂದರು ಅಧ್ಯಕ್ಷರು. ಮೇಡಂ ಕನ್ನಡಕ ಇಳಿಸಿ ಮುಂದಿನವರ ಅರ್ಜಿಗೆ ಕೈ ಹಾಕಿದರು.

ಆ ಕೈ ಕಾಗದಕ್ಕೆ ತಾಗುವುದರೊಳಗೆ ನನಗೆ ಹೊಳೆದದ್ದನ್ನು ನಾನು ಪೂರ್ತಿ ಯೋಚಿಸಲೇ ಇಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. "ಒಂದು ನಿಮಿಷ ಕೊಡಿ ಮೇಡಂ," ಅಂದೆ. ಸಾಫ್ಟ್‌ವೇರ್ ಮುಚ್ಚಿದೆ. ಪೆನ್‌ಡ್ರೈವ್ ಕಿತ್ತು ಪರ್ಸಿಗೆ ಹಾಕಿದೆ. ಮತ್ತೆ ಸಾಫ್ಟ್‌ವೇರ್ ತೆಗೆದೆ. ಆ ಒಂದು ನಿಮಿಷ ಎಷ್ಟು ಉದ್ದ ಅಂದರೆ ಅಧ್ಯಕ್ಷರು ನೀರು ಕುಡಿದು, ಲೋಟ ಮುಚ್ಚಿ, ಮತ್ತೆ ಮುಚ್ಚಳ ತೆಗೆದು ಇನ್ನೊಂದು ಗುಟುಕು ಬಾಯಿಗೆ ಹಾಕಿಕೊಂಡರು.

ಸೀಟಿ ಹೊಡೆಯಿತು. ಗಂಟೆ ಬಾರಿಸಿತು. ಕಟ್ಟಿಗೆ ತುಂಡುಗಳು ಕಟಕಟ ಅಂದವು. ಕೋಳಿ ಕೂಗಿತು.

ಅಧ್ಯಕ್ಷರ ಬಾಯಿಂದ ನೀರು ಮೇಜಿನ ಮೇಲೆ ಬಂತು. ಬಾಗಿಲಲ್ಲಿದ್ದ ಜವಾನರು ತಲೆ ಒಳಗೆ ಹಾಕಿದರು. "ಇದೇನಮ್ಮ ಇದು?" ಎಂದರು ಅಧ್ಯಕ್ಷರು.

"ಅದೇ ಹಲಗಿ ಸರ್. ಒಂದು ಚುಕ್ಕೆಯನ್ನೂ ಬದಲು ಮಾಡಿಲ್ಲ. ದನಿ ಮಾತ್ರ ತಪ್ಪಿದೆ. ಒಂದೊಂದು ಏಟಿಗೆ ಒಂದೊಂದು ತಪ್ಪು ದನಿ. ಎಣಿಸಿ ಸರ್."

ನಗುತ್ತಲೇ ಇದ್ದ ಮೇಡಂ ಒಮ್ಮೆಲೇ ನಗು ನಿಲ್ಲಿಸಿದರು. ಬೆರಳು ಮಡಿಸಿದರು. "ಇನ್ನೊಂದು ಸಲ ಹಾಕಿ. ನಿಧಾನ ಮಾಡೋಕಾಗುತ್ತಾ?" ಎಂದರು. ನಿಧಾನ ಮಾಡಿದೆ. ಸೀಟಿ, ಸೀಟಿ, ಕಟ್ಟಿಗೆ, ಗಂಟೆ. ಅಧ್ಯಕ್ಷರೂ ಮೇಜಿನ ಕೆಳಗೆ ಬೆರಳು ಎಣಿಸುತ್ತಿದ್ದುದು ನನಗೆ ಕಂಡಿತು. ಏಳಕ್ಕೆ ಬಂದು ನಿಂತರು. ಎರಡು ವರ್ಷದಲ್ಲಿ ನನ್ನ ಬಾಯಿಂದ ಆಗದ ಕೆಲಸವನ್ನು ಒಂದು ಕೋಳಿ ಮಾಡಿತ್ತು.

"ಆ ಕೋಳಿ ಎರಡು ಸುತ್ತಿನಲ್ಲಿ ಬರಲೇ ಇಲ್ಲ. ಮೂರನೇ ಸುತ್ತಿನಲ್ಲಿ ಮಾತ್ರ ಬಂತು. ಮತ್ತೆ ಎರಡು ಸುತ್ತು ಇಲ್ಲ. ಯಾಕೆ?" ಎಂದು ಮೇಡಂ ಕೇಳಿದರು.

ನಾನು ಮುನ್ನೂರು ಚುಕ್ಕೆ ಇಟ್ಟಿದ್ದೆ. ಅದನ್ನು ಗಮನಿಸಿರಲಿಲ್ಲ.

"ಗೊತ್ತಿಲ್ಲ ಮೇಡಂ."

"ಗೊತ್ತಿಲ್ಲ ಅಂದ್ರೆ ಒಳ್ಳೇದೇ ಆಯ್ತು. ಅದನ್ನ ಹುಡುಕಿ," ಎಂದು ಅವರು ನನ್ನ ಅರ್ಜಿಯ ಮೇಲೆ ಏನೋ ಬರೆದು ಅಧ್ಯಕ್ಷರ ಕಡೆ ಸರಿಸಿದರು. ಅವರು ಸಹಿ ಮಾಡುವಾಗಲೂ ಒಮ್ಮೆ ನಕ್ಕರು.

ಬಸ್‌ಸ್ಟ್ಯಾಂಡಿಗೆ ಬಂದು, ಸಿಂದಗಿ ಬಸ್ಸಿನ ಕಿಟಕಿ ಸೀಟು ಹಿಡಿದು, ಅಪ್ಪನಿಗೆ ಫೋನು ಹಚ್ಚಿದೆ.

"ಸಿಕ್ತೇನು?"

"ಸಿಕ್ತಪಾ."

ಆ ಕಡೆಯಿಂದ ಅವ್ವನಿಗೆ ಕೂಗಿ ಹೇಳಿದ್ದು ಕೇಳಿತು. ಮತ್ತೆ ಫೋನಿಗೆ ಬಂದ.

"ಹಲಗಿ ಚಲೋ ನುಡೀತೇನು?"

ಸುಳ್ಳು ಹೇಳಬಹುದಿತ್ತು. "ಹಲಗಿ ತಿಳೀಲಿಲ್ಲಪಾ ಅವರಿಗೆ. ಕೋಳಿ ಕೇಳಿಸಿದ್ನಿ."

"ಕೋಳಿ?"

"ಹ್ಞೂಂ."

"ಯೂನಿವರ್ಸಿಟ್ಯಾಗ ಕೂತು, ನನ್ನ ಕೈಯನ್ನ ಕೋಳಿ ಮಾಡಿ ಕೇಳಿಸಿದಿ."

"ಅದಕ್ಕ ಸೀಟ್ ಸಿಕ್ತಪಾ."

"ಸಿಗಲಾರದೇನ ಮತ್ತ," ಅಂದ. ಸಿಟ್ಟೋ ನಗುವೋ ಗೊತ್ತಾಗಲಿಲ್ಲ. ನಾನು ಮೆಲ್ಲಗೆ ಮೇಡಂ ಕೇಳಿದ ಪ್ರಶ್ನೆಯನ್ನು ಮುಂದಿಟ್ಟೆ. ಕೋಳಿಯಾಗಿ ಕೂಗಿದ, ಬೆರಳಿನಿಂದ ಒತ್ತಿ ಬಿಡುವ ಏಟು ಮೂರನೇ ಸುತ್ತಿಗೆ ಮಾತ್ರ ಯಾಕೆ ಬರುತ್ತದೆ?

"ಅಯ್ಯ, ಅದರಾಗೇನೈತಿ. ಮೂರನೇ ಸುತ್ತಿಗೆ ಹೆಗಲ ನೋಯತೈತಿ. ಹಲಗಿ ಸ್ವಲ್ಪ ಎತ್ತಿ ಇಟ್ಗೋಬೇಕು. ಎತ್ತೂ ಮುಂದ ಎಡಗೈ ಬೆರಳ ಒತ್ತತಾವು. ಇಷ್ಟ ಹುಡಕಾಕ ನಿನಗ ಎಷ್ಟ ವರ್ಷ ಕೊಟ್ಟಾರ?"

"ಮೂರು."

"ಹಂಗಾರ ಈಗ ಹೇಳಬ್ಯಾಡ ಅವರಿಗೆ. ಸೀಟ್ ಕಸಗೊಂಡ ಗಿಸಗೊಂಡಾರು."

ಇಬ್ಬರೂ ನಕ್ಕೆವು. ಕಂಡಕ್ಟರು ಬಂದರು, ಟಿಕೆಟು ತೆಗೆದುಕೊಂಡೆ. ಫೋನು ಇಟ್ಟಿರಬೇಕು ಅಂದುಕೊಂಡೆ, ಇಟ್ಟಿರಲಿಲ್ಲ.

"ಯವ್ವಾ."

"ಹೇಳಪಾ."

"ಬಾರಿಸೂದು ನನಗ ಕಲಿಸಿದಂವ ನಮ್ಮಪ್ಪ. ಅಂವ ಹಲಗಿ ಹೆಗಲಿಗೆ ಹಾಕ್ತಿದ್ದಿಲ್ಲ. ಕೂತ ತೊಡಿ ಮ್ಯಾಲ ಇಟಗೊಂಡ ಬಾರಿಸ್ತಿದ್ದ. ಅಂವನೂ ಮೂರನೇ ಸುತ್ತಿಗೇನ ಒತ್ತತಿದ್ದ. ಅಂವಗ ಯಾವ ಹೆಗಲ ನೋವು?"

ಬಸ್ಸು ಹೊರಟಿತು. ನನಗೂ ಗೊತ್ತಿಲ್ಲ ಅಂದೆ.

"ಮತ್ತ ಹುಡುಕು," ಅಂದ ಅಪ್ಪ. "ಓದಿದಾಕಿ ನೀನು."